ತಂಬೂರಿ ಇಳದೈತಿ

ಭಾಳ ದಿನ ಆಯ್ತು ಇಲ್ಲಿ ಏನೂ ಬರೆದು. "ಎಲ್ಲಿ ಮಾಯ ಆದ್ರಿ, ಬರೆಯೋದು ಬಿಟ್ಟೇ ಬಿಟ್ರಾ?" ಅಂತ ಒಂದಿಬ್ಬರು ಗೆಳೆಯರು ಕೇಳಿದ್ರು. ಬಿಟ್ಟಿಲ್ರೀ... ದೀಪಾವಳಿಗೆ ಊರಿಗೆ ಹೋಗಿದ್ದೆ. ನಾಲ್ಕು ದಿನಕ್ಕೆ ಅಂತ ಹೋದವನು ಹೆಬ್ಬೆರಳಿನಷ್ಟು ಗಾತ್ರದ ಒಂದು ಬುಶ್ಶಿನ ಹಿಂದೆ ಬಿದ್ದು ಹದಿನೆಂಟು ದಿನ ಕಳೆದು ಬಂದೆ. ಅದರ ಕತೆ ಇದು. ಸ್ವಲ್ಪ ಉದ್ದ ಆಗಬಹುದು, ನಡುನಡುವೆ ಎಣ್ಣೆ, ಗ್ರೀಸು ಅಂತ ಕೈಯೂ ಹೊಲಸಾಗಬಹುದು. ತಡ್ಕೊಳ್ಳಿ.

ನಮ್ಮೂರು ಮೇಲವಂಕಿ. ಗೋಕಾಕ ಸೀಮೆ, ಘಟಪ್ರಭಾ ನದಿ ದಂಡೆ. ಅಪ್ಪ ಕನ್ನಡ ಸಾಲಿ ಮಾಸ್ತರ ಆಗಿದ್ದ. ಸಾಲಿ ಬಿಟ್ಟ ಮೇಲೆ ಅವನ ಜೀವ ಇದ್ದದ್ದು ಪೇಟಿಯಲ್ಲಿ. ಪೇಟಿ ಅಂದ್ರೆ ಹಾರ್ಮೋನಿಯಂ, ನಮ್ಮ ಕಡೆ ಹಾಗೇ ಅನ್ನೋದು. ನಮ್ಮದು ಶ್ರೀಕೃಷ್ಣ ಪಾರಿಜಾತದ ಸೀಮೆ. ಆ ಆಟಕ್ಕೆ ರೂಪ ಕೊಟ್ಟ ತಮ್ಮಣ್ಣನ ಕುಲಗೋಡ, ಅದನ್ನಾಡಿ ಹೆಸರಾದ ನಿಂಗಮ್ಮನ ಕೌಜಲಗಿ ಎರಡೂ ನಮಗೆ ದೂರದ ಊರುಗಳಲ್ಲ. ಅಪ್ಪ ಹರೇದಾಗ ಒಂದು ಪಾರಿಜಾತದ ಮ್ಯಾಳಕ್ಕೆ ಪೇಟಿ ಬಾರಿಸ್ತಿದ್ದ. ರಾತ್ರಿ ಶುರುವಾದ ಆಟ ಬೆಳಗಿನ ತನಕ ನಡೀತಿತ್ತು. ಪಾತ್ರ ಮಾಡೋರು ಯಾವ ಸ್ವರ ಹಿಡಿದು ಬಂದ್ರೂ ಅಪ್ಪನ ಬೆರಳು ಹುಡುಕಾಡದೆ ಅಲ್ಲಿಗೇ ಹೋಗಿ ಕೂಡ್ತಿತ್ತಂತೆ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ನಾವು ಮನೆಯವರು ಮರೆತದ್ದು ಇದನ್ನೇ.

ಮುಂಬಯಿಯಲ್ಲಿ ಕೆಲಸಕ್ಕಿದ್ದ ನಮ್ಮ ಕಾಕಾ 1986ರಲ್ಲಿ ಚೋರ್ ಬಜಾರಿನಿಂದ ಒಂದು ರೆಕಾರ್ಡ್ ಪ್ಲೇಯರ್ ಹೊತ್ತು ತಂದ. ಲೆಂಕೋ ಎಲ್ 75. ಸ್ವಿಟ್ಜರ್ಲೆಂಡಿನ ಮಾಲು. ಗೋಣಿಚೀಲದಲ್ಲಿ ಸುತ್ತಿಕೊಂಡು, ರೈಲಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದಿದ್ದನಂತೆ. ರೆಕಾರ್ಡ್ ಇಡುವ ಅದರ ತಾಟು ಒಂದೇ ಸುಮಾರು 4 ಕಿಲೋ ಭಾರ. ಅದನ್ನ ತಿರುಗಿಸೋದು ಬೆಲ್ಟ್ ಅಲ್ಲ, ಅಡಿಯಿಂದ ಒತ್ತಿಕೊಂಡಿರುವ ಒಂದು ರಬ್ಬರ್ ಗಾಲಿ. ಬೇರೆ ಎಷ್ಟೋ ಪ್ಲೇಯರುಗಳಲ್ಲಿ ವೇಗ ಅಂದ್ರೆ 33, 45 ಅಂತ ಗೊತ್ತಾದ ಸ್ಥಾನಗಳಷ್ಟೇ. ಇದರಲ್ಲಿ ಒಂದು ಹಿಡಿಕೆ ಜಾರಿಸಿದರೆ ವೇಗವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಬಹುದು. ಅಪ್ಪನಿಗೆ ಇದು ಹುಚ್ಚು ಹಿಡಿಸಿಬಿಡ್ತು. ಹಿಡಿಕೆ 33ಕ್ಕೆ ಇಟ್ಟು, ಪ್ರತಿ ರೆಕಾರ್ಡ್ ಹಾಕಿ, ತಂಬೂರಿ ಸ್ವರಕ್ಕೆ ಪೇಟಿಯ ಮನೆ ತಾಳೆ ನೋಡಿ, ಕವರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಡ್ತಿದ್ದ. "ಕರಿ 1", "ಕರಿ 2", "ಬಿಳಿ 3". ಆಮೇಲೆ ರೆಕಾರ್ಡಿನ ಜೊತೆ ತಾನೂ ಪೇಟಿ ಹಿಡಿದು ಕೂಡೋದು. ಮನಸೂರರು ಹಾಡ್ತಿದ್ರೆ ಜೊತೆಗೆ ಮೇಲವಂಕಿಯ ಮಾಸ್ತರರ ಸಾಥ್! ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ರೆಕಾರ್ಡ್ ಹಾಕಿದಾಗಂತೂ "ನಮ್ಮ ಜಿಲ್ಲಾದಾವ್ರು" ಅಂತ ಎರಡು ಸಲ ಹೇಳಿಯೇ ಮುಳ್ಳು ಇಳಿಸ್ತಿದ್ದ.

ಇನ್ನು 2019ರ ಆಗಸ್ಟ್. ಆ ಮಳೆಗಾಲ ನಮ್ಮ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮ್ಯಾಲಿನ ಮಳೆ, ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು ಎಲ್ಲ ಸೇರಿ ಘಟಪ್ರಭಾ ಊರೊಳಗೆ ಬಂತು. ಗೋಕಾಕದ ಹತ್ತಿರ ಲೋಳಸೂರ ಸೇತುವೆಯೇ ಮುಳುಗಿತ್ತು. ನಾನು ಪುಣೆಯಲ್ಲಿದ್ದೆ. ಕೊಲ್ಹಾಪುರದ ಹತ್ತಿರ ಹೆದ್ದಾರಿ ನೀರಿನಡಿ ಹೋಗಿ ಬರೋದಕ್ಕೂ ದಾರಿ ಇರಲಿಲ್ಲ. ಫೋನಿನಲ್ಲಿ ಅವ್ವ "ನಾವು ಸಾಲ್ಯಾಗ ಅದೇವಿ, ಆರಾಮ ಅದೇವಿ, ನೀ ಬರಬ್ಯಾಡ" ಅಂದಳು. ಮನೆ ಬಿಡೋ ಗಡಿಬಿಡಿಯಲ್ಲಿ ಅಪ್ಪ ಮೊದಲು ಪೇಟಿ, ರೆಕಾರ್ಡು ಅಟ್ಟಕ್ಕೆ ಏರಿಸಿದ್ದ. ಪ್ಲೇಯರ್ ಏರಿಸೋ ಹೊತ್ತಿಗೆ ನೀರು ಹೊಸ್ತಿಲು ದಾಟಿತ್ತು. ಬಾಜೂಮನಿ ಹುಡುಗನ ಕೈಲಿ ತಾಟು ಸಮೇತ ಹಾಗೇ ಎತ್ತಿಸಿ ಮೇಜಿನ ಮೇಲೆ ಕುಕ್ಕಿ ಇಟ್ಟು ಹೊರಬಿದ್ದಿದ್ದ.

ನೀರು ಮೇಜನ್ನೂ ದಾಟಿ ನಾಲ್ಕು ಬೆರಳು ಏರಿ ನಿಂತು ಇಳಿದಿತ್ತು. ಎಂಟು ದಿನದ ಮೇಲೆ ನಾನು ಹೋದಾಗ ಮನೆಯೆಲ್ಲ ಕೆಸರು. ಅಟ್ಟದ ಮೇಲೂ ಮಳೆ ಸೋರಿ ಕೆಲವು ಕವರು ತೊಯ್ದಿದ್ದವು. ಪೆನ್ನಿನಿಂದ ಬರೆದ ಹೆಸರುಗಳೆಲ್ಲ ಹರಡಿ ನೀಲಿ ಕಲೆಗಳಾಗಿದ್ದವು. ಪೆನ್ಸಿಲಿನ ಅಕ್ಷರ ಮಾತ್ರ ಹಾಗೇ ಇದ್ದವು. ಗ್ರಾಫೈಟು ನೀರಿಗೆ ಕರಗೋದಿಲ್ಲ ನೋಡಿ.

ಗೋಡೆ, ಧಾನ್ಯ, ದನದ ಕೊಟ್ಟಿಗೆ ಅಂತ ನೂರೆಂಟು ಕೆಲಸದ ನಡುವೆ ಪ್ಲೇಯರಿನ ಸರದಿ ಬಂದದ್ದು ಮೂರು ತಿಂಗಳ ಮೇಲೆ. ಪ್ಯಾಟಿಯಲ್ಲಿ ಒಬ್ಬರು ಮೋಟಾರು ಒಣಗಿಸಿ, ವೈರು ಬದಲಿಸಿ, ತಿರುಗೋ ಹಾಗೆ ಮಾಡಿ ಕೊಟ್ಟರು. ತಿರುಗಿತು, ಹಾಡಿತು. ನಮಗೆ ಅಷ್ಟೇ ಸಾಕಾಗಿತ್ತು. ಅಪ್ಪ ಒಂದು ಬದಿ ಪೂರ್ತಿ ಕೇಳಿ ಮುಳ್ಳು ಎತ್ತಿಟ್ಟು ಹೇಳಿದ,

"ತಂಬೂರಿ ಇಳದೈತಿ."

"ಇಲ್ಲಪಾ, ಬರೊಬ್ಬರಿ ಐತಲ್ಲ?" ಅಂದೆ.

"ಮೊದಲ ಇಳೀತೈತಿ, ಆಮ್ಯಾಲ ತುಸು ಏರತೈತಿ. ಕೆಳಗ ಯಾರೋ ಬೀಸೂ ಕಲ್ಲ ತಿರುವಿಧಾಂಗ ಗುರ್ ಅಂತೈತಿ. ಪೇಟಿ ಕೂಡವಲ್ದು."

ನಾವು ಮೊದಲು ಕರೆಂಟಿನ ಮೇಲೆ ಹಾಕಿದ್ವಿ, ವೋಲ್ಟೇಜ್ ಕಡಿಮೆ ಅಂತ. ಆಮೇಲೆ ಪೇಟಿ ಮೇಲೆ ಹಾಕಿದ್ವಿ. ಕಡೆಗೆ ಅಪ್ಪನ ಕಿವಿಯ ಮೇಲೆ ಹಾಕಿದ್ವಿ. ಎಪ್ಪತ್ತು ದಾಟಿತ್ತು, ಫೋನಿನಲ್ಲಿ ಮಾತು ಎರಡೆರಡು ಸಲ ಹೇಳಬೇಕಾಗ್ತಿತ್ತು, ಟಿ.ವಿ. ಸೌಂಡು ಜೋರು ಇಡ್ತಿದ್ದ. ಎಲ್ಲ ತಾಳೆ ಆಯ್ತು. ಕಿವಿ ಡಾಕ್ಟರ ಹತ್ತಿರ ಕರ್ಕೊಂಡು ಹೋದ್ವಿ. ಅವರು ಪರೀಕ್ಷೆ ಮಾಡಿ, ಗ್ರಾಫ್ ತೋರಿಸಿ ಹೇಳಿದ್ರು, "ಮೇಲಿನ ಸ್ವರ ಕಡಿಮೆ ಆಗ್ಯಾವ, ವಯಸ್ಸಿಗೆ ಸಹಜ. ಕೆಳಗಿನ ಸ್ವರ ಭಾಳ ಚಲೋ ಅದಾವ." ನಮಗೆ ಕೇಳಿಸಿದ್ದು "ಕಡಿಮೆ" ಅನ್ನೋದಷ್ಟೇ. ಕಿವಿಗೆ ಹಾಕೋ ಮಶಿನ್ ತಂದ್ವಿ. ಅಪ್ಪ ಎರಡು ದಿನ ಹಾಕಿ ಡಬ್ಬಿಯಲ್ಲಿಟ್ಟ. ಪ್ಲೇಯರಿನ ಮೇಲೆ ಅವ್ವನ ಹಳೇ ಇಳಕಲ್ ಸೀರೆಯ ತುಂಡು ಹೊದಿಸಿದ. ಆಮೇಲೆ ಐದು ವರ್ಷ ಅದನ್ನ ತೆಗೀಲಿಲ್ಲ. ಯಾರಾದರೂ ಕೇಳಿದ್ರೆ "ಕಿವಿ ಹೋಗ್ಯಾವಂತಪಾ ನಂದು" ಅಂತಿದ್ದ. ಆ "ಅಂತ"ದಲ್ಲಿ ಏನಿತ್ತು ಅನ್ನೋದು ನನಗೆ ಈಗ ಗೊತ್ತಾಗ್ತಿದೆ.

ಈ ಸಲ ದೀಪಾವಳಿಗೆ ಸುಣ್ಣ ಹಚ್ಚೋವಾಗ ಪ್ಲೇಯರ್ ಸರಿಸಬೇಕಾಯ್ತು. ಸುಮ್ಮನೆ ಒಂದು ರೆಕಾರ್ಡ್ ಹಾಕಿದೆ. ಅಪ್ಪ ಹೊಲಕ್ಕೆ ಹೋಗಿದ್ದ. ಕವರಿನ ಮೂಲೆಯಲ್ಲಿ "ಕರಿ 1" ಅಂತಿತ್ತು. ಏನನ್ನಿಸ್ತೋ, ಪೇಟಿ ತೆಗೆದು ಕರಿ 1 ಒತ್ತಿದೆ. ಕೂಡಲಿಲ್ಲ. ಪಕ್ಕದ ಬಿಳಿ 1 ಒತ್ತಿದೆ. ಹೆಚ್ಚುಕಡಿಮೆ ಕೂಡಿತು! ಇನ್ನೊಂದು ರೆಕಾರ್ಡ್ ಹಾಕಿದೆ. ಕವರ್ ಮೇಲೆ "ಕರಿ 2", ಪೇಟಿಯಲ್ಲಿ ಬಿಳಿ 2. ಮೂರನೇದು, ನಾಲ್ಕನೇದು... ಎಲ್ಲವೂ ಒಂದೊಂದು ಮನೆ ಕೆಳಗೆ. ಪೇಟಿಯೇ ಕೆಟ್ಟಿದೆಯಾ ಅಂತ ಫೋನಿನ ಟ್ಯೂನರಿನಲ್ಲಿ ನೋಡಿದೆ. ಪೇಟಿ ಬರೊಬ್ಬರಿ ಇತ್ತು.

ಒಂದು ಮನೆ ಅಂದ್ರೆ ಅರ್ಧ ಸ್ವರ. ಅರ್ಧ ಸ್ವರ ಇಳಿಯಬೇಕಾದ್ರೆ ವೇಗ ಸುಮಾರು ನೂರಕ್ಕೆ ಆರರಷ್ಟು ಇಳಿದಿರಬೇಕು. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಾಟು 31½ರ ಹತ್ತಿರ ತಿರುಗ್ತಿದೆ ಅಂತಾಯ್ತು. ಖಾತ್ರಿಗೆ ಗೋಕಾಕದ ಝೆರಾಕ್ಸ್ ಅಂಗಡಿಯಲ್ಲಿ 180 ಗೆರೆಗಳ ಒಂದು ದುಂಡನೆ ಚಕ್ರ ಛಾಪಿಸಿದೆ. ನಮ್ಮ ಕರೆಂಟು 50 ಹರ್ಟ್ಸ್. ಸ್ವಿಚ್ ಬೋರ್ಡಿನ ಕೆಂಪು ನಿಯಾನ್ ದೀಪ ಆ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕತ್ತಲಲ್ಲಿ ಆ ಬೆಳಕಿನಲ್ಲಿ ನೋಡಿದರೆ, ತಾಟು ಸರಿಯಾಗಿ 33⅓ರಲ್ಲಿದ್ದಾಗ 180 ಗೆರೆ ನಿಂತ ಹಾಗೆ ಕಾಣಬೇಕು. ನಮ್ಮ ಗೆರೆಗಳು ಹಿಂದಕ್ಕೆ ಹಿಂದಕ್ಕೆ ಓಡ್ತಿದ್ದವು. ಹದಿನೈದು ನಿಮಿಷ ಬಿಟ್ಟು ನೋಡಿದರೆ ಓಟ ಸ್ವಲ್ಪ ನಿಧಾನ ಆಗಿತ್ತು. "ಮೊದಲ ಇಳೀತೈತಿ, ಆಮ್ಯಾಲ ತುಸು ಏರತೈತಿ..." ಅಪ್ಪ ಹೇಳಿದ್ದು ಅಕ್ಷರಶಃ ಅದೇ. ಆ ಕತ್ತಲಲ್ಲಿ ಕೂತು ಏನನ್ನಿಸಿತು ಅಂತ ಬರೆಯೋಕೆ ಬರ್ತಿಲ್ಲ. ಬಿಡಿ.

ಈಗ ಬೇರಿಂಗ್ ವಿಷಯಕ್ಕೆ ಬರ್ತೀನಿ. ತಾಟು ಎತ್ತಿದರೆ ನಡುವೆ ಬೆರಳುದ್ದದ ಒಂದು ಉಕ್ಕಿನ ದಂಡ. ಅದು ಒಂದು ಕೊಳವೆಯೊಳಗೆ ಇಳಿದಿರುತ್ತೆ. ಕೊಳವೆಯೊಳಗೆ ಮೇಲೊಂದು ಕೆಳಗೊಂದು ಕಂಚಿನ ಬುಶ್, ದಂಡ ಅತ್ತಿತ್ತ ವಾಲದ ಹಾಗೆ. ಅಡಿಯಲ್ಲಿ ಒಂದು ಉಕ್ಕಿನ ಗುಂಡು, ಗುಂಡಿನ ಕೆಳಗೆ ಒಂದು ಸಣ್ಣ ಬಿಲ್ಲೆ. ತಾಟಿನ 4 ಕಿಲೋ ಭಾರ ಪೂರಾ ನಿಲ್ಲೋದು ಆ ಗುಂಡು ಬಿಲ್ಲೆಯನ್ನ ಮುಟ್ಟುವ ಒಂದು ಚುಕ್ಕೆಯ ಮೇಲೆ. ರೆಕಾರ್ಡಿನ ಗೆರೆಯಲ್ಲಿ ಮುಳ್ಳು ಓದುವ ಏರಿಳಿತಗಳು ಕೂದಲಿಗಿಂತ ಎಷ್ಟೋ ಸಣ್ಣವು. ಬೇರಿಂಗಿನಲ್ಲಿ ಒಂದು ಕಣ ಮಣ್ಣು ಉರುಳಿದರೂ ಆ ನಡುಕ ತಾಟಿಗೆ, ತಾಟಿನಿಂದ ರೆಕಾರ್ಡಿಗೆ, ರೆಕಾರ್ಡಿನಿಂದ ಮುಳ್ಳಿಗೆ ಹತ್ತಿ ಸ್ಪೀಕರಿನಲ್ಲಿ "ಗುರ್" ಅನ್ನುತ್ತೆ. ಸಿನಿಮಾ ಹಾಡಿನಲ್ಲಿ ಡೋಲು, ಪಿಟೀಲು ಎಲ್ಲ ಸೇರಿ ಅದನ್ನ ಮುಚ್ಚಿಬಿಡ್ತವೆ. ಆದರೆ ಖಯಾಲದ ವಿಲಂಬಿತದಲ್ಲಿ, ಗಾಯಕ ಉಸಿರು ತಗೊಳ್ಳೋ ಜಾಗದಲ್ಲಿ ತಂಬೂರಿ ಒಂದೇ ಉಳಿಯುತ್ತಲ್ಲ, ಅಲ್ಲಿ ಅದಕ್ಕೆ ಅಡಗಲು ಜಾಗ ಇಲ್ಲ.

ಅಡಿಯ ಮುಚ್ಚಳ ಬಿಚ್ಚಿದೆ. ಎಣ್ಣೆ ಅಂತ ಏನೂ ಇರಲಿಲ್ಲ. ಕಪ್ಪು ಅಂಟು, ಅದರೊಳಗೆ ಘಟಪ್ರಭಾದ ಸಣ್ಣ ರೇವೆ ಮಣ್ಣು. ಬೆರಳಲ್ಲಿ ತಿಕ್ಕಿದರೆ ಅರಿಷಿಣ ಅರೆದ ಹಾಗೆ ಸರಸರ ಅಂತಿತ್ತು. ಬಿಲ್ಲೆಯ ನಡುವೆ ಗುಂಡು ಕೂತು ಕೂತು ಒಂದು ಕುಳಿ. ತಾಟು ಸಮೇತ ಎತ್ತಿ ಕುಕ್ಕಿದಾಗ ಬಿದ್ದ ಪೆಟ್ಟೂ ಅದರಲ್ಲಿ ಸೇರಿತ್ತು ಅಂತ ಕಾಣುತ್ತೆ. ಅಪ್ಪ ಪ್ರತಿ ವರ್ಷ ಸುಣ್ಣಕ್ಕೆ ಸರಿಸುವಾಗ ಮೊದಲು ತಾಟು ತೆಗೆದು, ಆಮೇಲೆ ಪೆಟ್ಟಿಗೆ ಎತ್ತುತ್ತಿದ್ದ. ಅದು ಬರೀ ಭಾರದ ಸಲುವಾಗಿ ಅಂತ ತಿಳಿದಿದ್ದೆ ನಾನು.

ಇಲ್ಲಿಂದ ನನ್ನ ಜಾಣತನ ಶುರು :) ಪುಣೆಯಲ್ಲಿ ಕೂತು ಇಂಜಿನಿಯರ್ ಅನ್ನಿಸಿಕೊಂಡವನು ನಾನು, ಬರೀ ರಿಪೇರಿ ಮಾಡಿದರೆ ಹೇಗೆ? ಅಪ್‌ಗ್ರೇಡ್ ಆಗಬೇಕು. ಇಂಟರ್ನೆಟ್ಟಿನಲ್ಲಿ ರಾತ್ರಿಯೆಲ್ಲ ಓದಿ ಪಿಂಗಾಣಿ ಗುಂಡು ತರಿಸಿದೆ. ಪಿಂಗಾಣಿ ಅಂದ್ರೆ ಕಪ್ಪುಬಸಿಯದಲ್ಲ, ಸಿಲಿಕಾನ್ ನೈಟ್ರೈಡ್. ಉಕ್ಕಿಗಿಂತ ಗಟ್ಟಿ, ಹಗುರ, ತುಕ್ಕು ಹಿಡಿಯೋದಿಲ್ಲ. ಅದು ಬರೋತನಕ ಕೊಳವೆಯನ್ನ ಬುಶ್ ಸಮೇತ ಥಿನ್ನರಿನಲ್ಲಿ ಮೂರು ಸಲ ತೊಳೆದು, ಬಿಸಿಲಲ್ಲಿ ಒಣಗಿಸಿ ಫಳಫಳ ಮಾಡಿದೆ. ಗುಂಡು ಬಂತು. ಹಾಕಿ, ಟ್ರ್ಯಾಕ್ಟರಿಗೆ ಹಚ್ಚೋ ಗ್ರೀಸು ತುಂಬಿ ಕೂರಿಸಿದೆ. ಗ್ರೀಸಿನ ಬಿಗಿತಕ್ಕೆ ತಾಟು ಮೊದಲಿಗಿಂತ ನಿಧಾನ ಆಯ್ತು. ಗ್ರೀಸು ಒರೆಸಿ ಮನೆಯಲ್ಲಿದ್ದ ಹೊಲಿಗೆ ಮಶಿನ್ ಎಣ್ಣೆ ಎರಡು ಹನಿ ಬಿಟ್ಟೆ. ಒಂದು ದಿನ ಬೆಣ್ಣೆಯಂಗೆ ತಿರುಗಿತು. ಮರುದಿನ "ಕಿಂಯ್" ಅನ್ನೋಕೆ ಶುರುವಾಯ್ತು. ಎಣ್ಣೆ ಹೊರದ ಬಂಡಿ ಏರು ಹತ್ತೋವಾಗ ಅಳುತ್ತಲ್ಲ, ಅದೇ ದನಿ.

ಅಪ್ಪ ಕಟ್ಟಿ ಮೇಲೆ ಕೂತು ಎಲ್ಲ ನೋಡ್ತಿದ್ದ. ಏನೂ ಅನ್ನಲಿಲ್ಲ. ಸಂಜೆ ಅಷ್ಟೇ ಹೇಳಿದ, "ಕೊಣ್ಣೂರಾಗ ನನ್ನ ಗೆಳ್ಯಾ ಅದಾನ. ಗಿರಣ್ಯಾಗ ಫಿಟ್ಟರ್ ಇದ್ದ. ಅವಂಗೊಮ್ಮೆ ತೋರ್ಸು."

ಗೋಕಾಕ ಫಾಲ್ಸಿನ ನೂಲಿನ ಗಿರಣಿ ನಿಮಗೆ ಗೊತ್ತಿರಬಹುದು. 1880ರ ದಶಕದಲ್ಲಿ, ಘಟಪ್ರಭಾ ಧುಮುಕೋ ಜಾಗದಲ್ಲೇ, ನೀರಿನ ಬಲದ ಮೇಲೆ ಕಟ್ಟಿದ್ದು. ಅಪ್ಪನ ಗೆಳೆಯ ಅಲ್ಲಿ ಬಹಳ ವರ್ಷ ದುಡಿದವರು. ಒಂದು ಪುಡಿಕೆ ಕರದಂಟು ತಗೊಂಡು ಹೋದೆ. ಕನ್ನಡಕ ಏರಿಸಿ, ದಂಡ ಕೊಳವೆಗೆ ಹಾಕಿ, ಕಿವಿ ಹತ್ತಿರ ಹಿಡಿದು ತಿರುಗಿಸಿ ಕೇಳಿದ್ರು.

"ಯಾತರಾಗ ತೊಳದಿ ತಮ್ಮಾ ಇದನ್ನ?"

"ಥಿನ್ನರಿನ್ಯಾಗ ರೀ ಕಾಕಾ."

"ಕೊಂದಿ ಬಿಡು." ನಕ್ಕರು. "ಇದು ಎರಕ ಹೊಯ್ದ ಕಂಚಲ್ಲೋ. ಪುಡಿ ಒತ್ತಿ, ಬೇಯಿಸಿ ಮಾಡಿದ್ದು. ಮೈತುಂಬ ಸಣ್ಣ ತೂತ ಇರ್ತಾವ. ಅದರಾಗ ಎಣ್ಣಿ ಕುಡಿಸಿಟ್ಟಿರ್ತಾರ. ದಂಡ ತಿರುಗಿದಾಂಗ ಬೆವರಿನಾಂಗ ಎಣ್ಣಿ ಹೊರಗ ಬರತೈತಿ, ನಿಂತ ಮ್ಯಾಲ ಒಳಗ ಹೋಗತೈತಿ. ನೀ ಆ ಎಣ್ಣಿ ಎಲ್ಲಾ ತಗದಿ. ಮ್ಯಾಲ ಹಾಕಿದ್ದ ಎರಡ ಹನಿ ಅದ ಕುಡದಬಿಡ್ತು. ದಂಡಕ್ಕ ಏನ ಉಳಿತು?"

ಆಮೇಲೆ ನಾನೂ ಓದಿ ನೋಡಿದೆ. ಇಂಥ ಬುಶ್ಶುಗಳಲ್ಲಿ ಸಾಮಾನ್ಯವಾಗಿ ತಾಮ್ರ ನೂರಕ್ಕೆ 90, ತವರ 10. ಗಾತ್ರದ ಸುಮಾರು ಐದನೇ ಒಂದು ಭಾಗ ಬರೀ ಟೊಳ್ಳು, ಎಣ್ಣೆಗೆ ಬಿಟ್ಟ ಜಾಗ. ಕಾಕಾ ಹೇಳಿದ್ದು ಒಂದಕ್ಷರ ತಪ್ಪಿರಲಿಲ್ಲ.

ಹಂಗಾದ್ರೆ ಗಿರಣಿಯ ಸ್ಪಿಂಡಲ್ ಎಣ್ಣೆಯೇ ಹಾಕಬೇಕಾ ಅಂತ ಕೇಳಿದೆ. ತಲೆ ಅಲ್ಲಾಡಿಸಿದ್ರು. "ನೂಲಿನ ಸ್ಪಿಂಡಲ್ ನಿಮಿಷಕ್ಕ ಹತ್ತ ಸಾವಿರ ಸುತ್ತ ಮ್ಯಾಲ ತಿರುಗತೈತಿ. ಅದಕ್ಕ ನೀರಿನಂಥ ತೆಳು ಎಣ್ಣಿ ಬೇಕು, ಇಲ್ಲಾಂದ್ರ ಕಾಯತೈತಿ. ನಿಮ್ಮಪ್ಪಂದು ಮೂವತ್ತಮೂರ ಸುತ್ತ. ಎತ್ತಿನ ನಡಿಗಿ. ಇಷ್ಟ ಸಾವಕಾಶ ತಿರುಗಿದ್ರ ತೆಳು ಎಣ್ಣಿ ದಂಡಕ್ಕೂ ಬುಶ್ಶಿಗೂ ನಡುವ ನಿಲ್ಲಂಗಿಲ್ಲ, ಜಾರಿ ಹೋಗತೈತಿ. ತುಸು ದಪ್ಪ ಬೇಕು. ಗ್ರೀಸಿನಷ್ಟ ದಪ್ಪ ಬ್ಯಾಡ." ಒಂದು ಔಷಧಿ ಬಾಟಲಿಯಲ್ಲಿ 68 ನಂಬರಿನ ಟರ್ಬೈನ್ ಎಣ್ಣೆ ಹಾಕಿ ಕೊಟ್ಟರು. ಗಾಡಿ ಇಂಜಿನ್ ಎಣ್ಣೆ ಬೇಡ, ಅದರಲ್ಲಿ ಹೊಲಸು ತೊಳೆಯೋ ಮದ್ದೆಲ್ಲ ಕಲಸಿರ್ತಾರೆ, ಇದಕ್ಕೆ ಅದರ ಕೆಲಸ ಇಲ್ಲ ಅಂದ್ರು.

ಬಿಲ್ಲೆಗೂ ಉಪಾಯ ಹೇಳಿದ್ರು. ಹೊಸದು ಬೇಕಾಗಿಲ್ಲ, ತಿರುವಿ ಹಾಕು. ಹಿಂಬದಿ ಹೊಸದೇ ಇರುತ್ತೆ. ಗಾಜಿನ ಮೇಲೆ 2000 ನಂಬರಿನ ಪಾಲಿಶ್ ಕಾಗದ ಇಟ್ಟು, ಎಣ್ಣೆ ಹಚ್ಚಿ, ಕನ್ನಡಿಯಂಗಾಗೋ ತನಕ ಸಾವಕಾಶ ತಿಕ್ಕು. ನನ್ನ ಪಿಂಗಾಣಿ ಗುಂಡನ್ನೂ ಹಳೇ ಗುಂಡನ್ನೂ ವರ್ನಿಯರಿನಲ್ಲಿ ಅಳೆದರು. "ಅಳತಿ ಒಂದ ಐತಿ, ಪುಣ್ಯಾ. ಹೆಚ್ಚುಕಡಿಮಿ ಇದ್ರ ತಾಟಿನ ಎತ್ತರಾ ಬದಲ ಆಗತಿತ್ತು." ಇದನ್ನ ಅಳೆದು ನೋಡಬೇಕು ಅನ್ನೋದು ನನಗೆ ಹೊಳೆದೇ ಇರಲಿಲ್ಲ!

ಮನೆಗೆ ಬಂದು ಅವ್ವನ ಹಳೇ ಡಬರಿಗೆ ಗಂಟು ಬಿದ್ದೆ. ಡಬರಿಯಲ್ಲಿ ಕುದಿಯೋ ನೀರು, ಅದರೊಳಗೆ ಒಂದು ಸ್ಟೀಲಿನ ವಾಟಿ, ವಾಟಿಯಲ್ಲಿ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ಬುಶ್ಶಿನ ಕೊಳವೆ. ಎಣ್ಣೆಯನ್ನು ನೇರ ಬೆಂಕಿಯ ಮೇಲೆ ಇಡಬಾರದು, ನೀರಿನ ಬಿಸಿಯಷ್ಟೇ ಸಾಕು. ಕಾದಾಗ ಬುಶ್ಶಿನ ತೂತುಗಳಿಂದ ಗಾಳಿ ಹಿಗ್ಗಿ ಹೊರಗೆ ಬರುತ್ತೆ. ನಿಜವಾಗಿ ಸಣ್ಣ ಸಣ್ಣ ಗುಳ್ಳೆ ಏಳ್ತಿದ್ದವು. ಆಮೇಲೆ ಎಣ್ಣೆಯಲ್ಲೇ ಬಿಟ್ಟು ಆರಿಸಬೇಕು. ಆರುತ್ತಾ ಒಳಗಿನ ಗಾಳಿ ಕುಗ್ಗಿ ಎಣ್ಣೆಯನ್ನ ಒಳಗೆಳೆದುಕೊಳ್ಳುತ್ತೆ. ಅವ್ವ ಬಾಗಿಲಲ್ಲಿ ನಿಂತು "ಏನ ಅಡಿಗಿ ಮಾಡಾಕತ್ತೀಯೋ ಅದು? ಉಪ್ಪ ಹಾಕಿಯೋ ಇಲ್ಲೋ?" ಅಂದಳು. ಮೂರು ಸಲ ಕಾಯಿಸಿ, ಮೂರು ಸಲ ಆರಿಸಿ, ಕಡೆಯ ಸಲ ರಾತ್ರಿಯೆಲ್ಲ ಹಾಗೇ ಬಿಟ್ಟೆ. ಮೋಟಾರಿನ ಎರಡು ಬುಶ್ಶಿನಲ್ಲೂ ಅದೇ ಕೆಸರಿತ್ತು. ಅದನ್ನೂ ಒರೆಸಿ ಎಣ್ಣೆ ಬಿಟ್ಟೆ. ರಬ್ಬರ್ ಗಾಲಿಯನ್ನು ಸ್ಪಿರಿಟ್ಟಿನಿಂದ ಒರೆಸಿದೆ.

ಮೊದಲು ಹಳೇ ಉಕ್ಕಿನ ಗುಂಡನ್ನೇ ಹಾಕಿ ನೋಡಿದೆ. ಗಾಲಿ ಮುಟ್ಟದ ಹಾಗೆ ಇಟ್ಟು ತಾಟನ್ನ ಕೈಯಿಂದ ತಿರುಗಿಸಿ ಬಿಟ್ಟರೆ ಮೊದಲು 40 ಸೆಕೆಂಡಿಗೆ ನಿಲ್ತಿತ್ತು. ಈಗ ಎರಡು ನಿಮಿಷ ದಾಟಿತು. ನಿಲ್ಲೋವಾಗಲೂ ಗಕ್ಕಂತ ನಿಲ್ಲದೆ, ಮನಸ್ಸಿಲ್ಲದವರ ಹಾಗೆ ಸಾವಕಾಶ ನಿಂತಿತು. ಹೆಚ್ಚು ಹೊತ್ತು ತಿರುಗಿದ್ದೇ ಒಳ್ಳೇದು ಅಂತ ತಿಳೀಬೇಡಿ ಮತ್ತೆ. ಎಣ್ಣೆ ತೆಳು ಆದರೂ ಹೆಚ್ಚು ಹೊತ್ತು ತಿರುಗುತ್ತೆ. ನೋಡಬೇಕಾದ್ದು ಸದ್ದು ಮತ್ತೆ ನಿಲ್ಲೋ ರೀತಿ. ನಿಯಾನ್ ಬೆಳಕಿನಲ್ಲಿ 180 ಗೆರೆಗಳು ನಿಂತವು. ಹದಿನೈದು ನಿಮಿಷದ ಮೇಲೂ ನಿಂತೇ ಇದ್ದವು.

ಅಪ್ಪನನ್ನ ಕರೀಲಿಲ್ಲ. ಮನಸೂರರ ರೆಕಾರ್ಡ್ ಹಾಕಿ, ಪಡಸಾಲೆಯ ಬಾಗಿಲು ತೆರೆದಿಟ್ಟು ಒಳಗೆ ಕೂತೆ. ಅಪ್ಪ ಹೊರಗೆ ಕಟ್ಟಿ ಮೇಲೆ ಪೇಪರ್ ಓದ್ತಿದ್ದ. ಮೊದಲು ತಂಬೂರಿ ಎದ್ದಿತು. ಪೇಪರಿನ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ಅಪ್ಪ ಒಳಗೆ ಬಂದು, ನನ್ನ ಕಡೆ ನೋಡದೆ, ಪೇಟಿ ಎಳೆದು, ಕವರ್ ನೋಡದೆ, ಒಂದು ಮನೆ ಮೇಲೆ ಬೆರಳಿಟ್ಟ. ಕೂಡಿತು.

ಆ ಬದಿ ಮುಗಿಯೋ ತನಕ ಯಾರೂ ಮಾತಾಡಲಿಲ್ಲ. ಮುಳ್ಳು ಎತ್ತಿದ ಮೇಲೆ ನಾನೇ ತಡವರಿಸ್ತಾ ಶುರು ಮಾಡಿದೆ.

"ಅಪ್ಪಾ, ನಾವು ಸುಮ್ಮನ ನಿನ್ನ ಕಿವಿ..."

"ಕಿವಿ ಹೋಗ್ಯಾವೋ, ಅದೇನ ಸುಳ್ಳಲ್ಲ," ಅಂದ ಅಪ್ಪ. "ಗುಬ್ಬಿ ಚಿಂವ್‌ಗುಡೂದು ಕೇಳವಲ್ದು ನನಗ. ನಿಮ್ಮವ್ವ ಒಳಗಿಂದ ಒದರಿದ್ರ ತಿಳಿಯವಲ್ದು. ಆದ್ರ ನಾ ಹೇಳಿದ್ದು ತಂಬೂರಿ ಸುದ್ದಿ. ಅದನ್ನ ಯಾರೂ ಕೇಳಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ ರೀ ಅವನು. ಸಿಟ್ಟಿದ್ದಿದ್ದರೆ ಚಲೋ ಇತ್ತು.

ಡಾಕ್ಟರ ಗ್ರಾಫನ್ನ ಮತ್ತೆ ತೆಗೆದು ನೋಡಿದೆ. ಬಲಗಡೆಗೆ, ಅಂದ್ರೆ ಎತ್ತರದ ಸ್ವರಗಳ ಕಡೆಗೆ, ಗೆರೆ ಇಳಿಜಾರು. ಎಡಗಡೆಗೆ, ತಂಬೂರಿಯ ಖರ್ಜ ಇರುವ ಕಡೆಗೆ, ಹೆಚ್ಚುಕಡಿಮೆ ನೆಟ್ಟಗೆ. ಐದು ವರ್ಷ ಆ ಕಾಗದ ನನ್ನ ಫೈಲಿನಲ್ಲೇ ಇತ್ತು.

ಮರುದಿನ ಅಪ್ಪನಿಗೆ ಹೇಳದೆ ಪಿಂಗಾಣಿ ಗುಂಡು ಹಾಕಿ ಅದೇ ರೆಕಾರ್ಡ್ ಕೇಳಿಸಿದೆ. ಆಮೇಲೆ ಮತ್ತೆ ಉಕ್ಕಿಂದು. "ಎರಡೂ ಒಂದ," ಅಂದ. ನನಗೂ ಫರಕು ಗೊತ್ತಾಗಲಿಲ್ಲ. ಬಹಳ ವರ್ಷ ತಾಳುತ್ತೆ ಅಂತಾರೆ, ಇರಬಹುದು. ಈಗ ಒಳಗಿರೋದು ಉಕ್ಕಿನದೇ. ನನ್ನ ಅಪ್‌ಗ್ರೇಡು ಡಬ್ಬಿಯಲ್ಲಿ, ಕಿವಿ ಮಶಿನ್ನಿನ ಬಾಜೂಕ ಇದೆ. ಅಂದ ಹಾಗೆ, ಆ ಮಶಿನ್ನನ್ನ ಅಪ್ಪ ಈಗ ಫೋನು ಬಂದಾಗ ಹಾಕ್ಕೊಳ್ತಾನೆ. ರೆಕಾರ್ಡ್ ಹಾಕಿದಾಗ ತೆಗೀತಾನೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಹಳೇ ಪ್ಲೇಯರ್ ಇದ್ದರೆ ನಾನು ಪೆಟ್ಟು ತಿಂದು ಕಲಿತದ್ದು ಇಷ್ಟು. ಎತ್ತಿ ಒಯ್ಯೋವಾಗ ಮೊದಲು ತಾಟು ತೆಗೀರಿ. ಮಟ್ಟ ನೋಡಿ ಸಮ ಇಡ್ರಿ, ವಾಲಿದ್ರೆ ಬುಶ್ ಒಂದೇ ಕಡೆ ಸವೆಯುತ್ತೆ. ಎರಡು ವರ್ಷಕ್ಕೊಮ್ಮೆ ಹಳೇ ಎಣ್ಣೆಯನ್ನ ನೂಲು ಬಿಡದ ಬಟ್ಟೆಯಿಂದ ಒರೆಸಿ ಹೊಸದು ಹಾಕ್ರಿ. ಬುಶ್ಶನ್ನ ಥಿನ್ನರು, ಪೆಟ್ರೋಲಿನಲ್ಲಿ ತೊಳೀಬೇಡಿ. ನನ್ನ ಹಾಗೆ ತೊಳೆದೇಬಿಟ್ಟಿದ್ದರೆ ಬಿಸಿ ಮಾಡಿ ಎಣ್ಣೆ ಕುಡಿಸ್ರಿ. ದುಡ್ಡು ಖರ್ಚು ಮಾಡೋದು ಇದೆಲ್ಲ ಆದ ಮೇಲೆ. ಮತ್ತೆ ಮನೆಯಲ್ಲಿ ಹಿರಿಯರು ಯಾರಾದರೂ "ಏನೋ ಸರಿ ಇಲ್ಲ" ಅಂದ್ರೆ, ಒಮ್ಮೆ ಮುಚ್ಚಳ ಬಿಚ್ಚಿ ನೋಡ್ರಿ.

ನಾನು ಪುಣೆಗೆ ಹೊರಡೋ ದಿನ ಅಪ್ಪ ಪೆಟ್ಟಿಗೆಯ ಒಳಬದಿಯಲ್ಲಿ ಏನೋ ಬರೀತಿದ್ದ. ಬಗ್ಗಿ ನೋಡಿದೆ. ಎಣ್ಣೆ ಹಾಕಿದ ತಾರೀಖು, ಕೆಳಗೆ "68 ನಂ. ಎಣ್ಣಿ", ಅದರ ಕೆಳಗೆ ಮುಂದಿನ ಸಲ ಹಾಕಬೇಕಾದ ವರ್ಷ.

"ಪೆನ್ನಿಲೆ ಬರಿಯಲ್ಲ ಅಪ್ಪಾ, ಚಂದ ಕಾಣತೈತಿ" ಅಂದೆ.

"ಪೆನ್ಸಿಲ್ ಇರ್ಲಿ," ಅಂದ. "ಹೊಳಿ ಮತ್ತ ಬಂದ್ರ?"

ನಿಮ್ಮ ಮನೆಯ ಪ್ಲೇಯರ್, ರೇಡಿಯೋ, ಪೇಟಿ, ಹೊಲಿಗೆ ಮಶಿನ್ ಕತೆ ಇದ್ದರೆ ಬರೀರಿ, ಓದ್ತೀನಿ. ಪಿಂಗಾಣಿ ಗುಂಡು ಯಾರಿಗಾದರೂ ಬೇಕಿದ್ದರೂ ಹೇಳಿ, ಕಳಿಸ್ತೀನಿ. ಅಳತೆ ನೋಡ್ಕೊಂಡು ಕೇಳಿ ಮತ್ತೆ :)